ಚಿಲಕದ ಮೇಲಿನ ಕೈ

ಚಿಲಕದ ಮೇಲೆ ಅವಳ ಕೈ ಇತ್ತು — ಅಲ್ಲಿಗೆ ಕಥೆ ನಿಂತುಬಿಟ್ಟಿದೆ, ಕೆಳಗೆ ಅರ್ಧ ಪುಟ ಬರೀ ಬಿಳಿ, ಆ ಬಿಳಿಯ ಮೇಲೆ ಕಿಟಕಿಯ ಸರಳುಗಳ ನೆರಳು, ನೆರಳನ್ನು ದಾಟಿ ಹೋಗುತ್ತಿರುವ ಒಂದು ಇರುವೆ, ಊದಿದರೆ ಹಾರಿಹೋದೀತು, ಜ್ಯೂಲಿ ಊದಲಿಲ್ಲ, ಇರುವೆ ಪುಟದ ಅಂಚಿನ ತನಕ ಹೋಗಿ ಏನೋ ನೆನಪಾದಂತೆ ನಿಂತಿತು, ಮುಂದಿನ ಬೆಂಚಿನಲ್ಲಿ ಯಾರೋ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಾರೆ, ಹೊರಗೆ ತೇಗದ ಮರದ ಮೇಲಿಂದ ಮಂಗಟ್ಟೆ ಹಕ್ಕಿಯೊಂದು ದೊಡ್ಡ ರೆಕ್ಕೆ ಬಡಿದು ಹಾರಿದ ಸದ್ದು, ದಾಂಡೇಲಿಯ ಜನವರಿಯ ಮಧ್ಯಾಹ್ನ, ಇಡೀ ತರಗತಿ ಅವಳ ಬಾಯಿಯನ್ನೇ ನೋಡುತ್ತಿದೆ, ಮೇಡಂ ಈಗ ಹೇಳುತ್ತಾರೆ, ಹೇಳಿದ್ದನ್ನು ಬರೆದುಕೊಂಡರೆ ಮುಗಿಯಿತು, ಪ್ರತಿ ವರ್ಷ ಪರೀಕ್ಷೆಗೆ ಬರುವ ಪ್ರಶ್ನೆ, ಕಥೆಯ ಅಂತ್ಯದ ಅಸ್ಪಷ್ಟತೆಯನ್ನು ವಿವರಿಸಿ — ಎಷ್ಟು ವರ್ಷ ವಿವರಿಸಿದಳು ಅವಳು, ನಗುನಗುತ್ತಾ ವಿವರಿಸಿದಳು, ಸೀಮೆಸುಣ್ಣದಲ್ಲಿ ಬಾಗಿಲಿನ ಚಿತ್ರ ಬರೆದು ವಿವರಿಸಿದಳು, ಐರ್ಲೆಂಡ್ ಅಂತ ಒಂದು ದ್ವೀಪ, ನಮ್ಮ ಹಾಗೆಯೇ ಮಳೆ, ಕಡಲ ದಂಡೆಯ ಒಂದು ಹಳ್ಳಿ, ಅಲ್ಲೊಬ್ಬಳು ನಡುವಯಸ್ಸಿನ ಹೆಂಗಸು ಒಬ್ಬಳೇ ಇದ್ದಾಳೆ, ಜಗಳವಾಡಿ ಮನೆ ಬಿಟ್ಟುಹೋದ ತಮ್ಮನೊಬ್ಬ ಇದ್ದ, ಸತ್ತನೋ ಇದ್ದಾನೋ ತಿಳಿಯದು, ಒಂದು ಸಂಜೆ ಯಾರೋ ಬಾಗಿಲು ಬಡಿಯುತ್ತಾರೆ, ಅವಳು ಹೆಣೆಯುತ್ತಿದ್ದ ಉಣ್ಣೆಯನ್ನು ಕೆಳಗಿಟ್ಟು ಏಳುತ್ತಾಳೆ, ನಡೆಯುತ್ತಾಳೆ, ಚಿಲಕದ ಮೇಲೆ ಅವಳ ಕೈ ಇತ್ತು. ತೆಗೆಯಲಿಕ್ಕೋ, ಭದ್ರವಾಗಿದೆಯೇ ಎಂದು ನೋಡಲಿಕ್ಕೋ, ಹೊರಗಿದ್ದವನು ತಮ್ಮನೋ ಬರೀ ಗಾಳಿಯೋ, ಬರೆದವನು ಹೇಳಲಿಲ್ಲ, ಹೇಳದೆ ಸತ್ತುಹೋದ, ಗೈಡಿನವರು ಮಾತ್ರ ಹೇಳುತ್ತಾರೆ, ಬಾಗಿಲು ಎಂದರೆ ದೇಶ, ಚಿಲಕ ಎಂದರೆ ಚರ್ಚು, ಕೈ ಎಂದರೆ ಜನತೆ, ಹಾಗೆ ಬರೆದವರಿಗೆ ಪೂರ್ತಿ ಅಂಕ, ಅವಳೂ ಕೊಟ್ಟಿದ್ದಾಳೆ, ಕೆಂಪು ಶಾಯಿಯಲ್ಲಿ ಗುಡ್ ಎಂದೂ ಬರೆದಿದ್ದಾಳೆ.

ಈ ವರ್ಷ ಪಾಠವನ್ನು ಹಿಂದಕ್ಕೆ ಹಿಂದಕ್ಕೆ ತಳ್ಳಿಕೊಂಡು ಬಂದಳು, ಮೊದಲು ಪದ್ಯ ಮುಗಿಸೋಣ, ಆಮೇಲೆ ವ್ಯಾಕರಣ, ಆಮೇಲೆ ಕ್ರಿಸ್‌ಮಸ್ ರಜೆ, ಈಗ ತಳ್ಳಲು ಏನೂ ಉಳಿದಿಲ್ಲ, ಓದಿಬಿಟ್ಟಿದ್ದಾಳೆ, ಹೆದರಿಕೊಂಡೇ ಕೊನೆಯ ಸಾಲಿನ ತನಕ ಬಂದಿದ್ದಾಳೆ, ಹೇಳ್ರಿ, ನಿಮಗ ಏನ ಅನಸ್ತೈತಿ ಅಂತ ಹೇಳ್ರಿ, ಗೈಡ್ ಬಿಟ್ಟು ಹೇಳ್ರಿ, ಎಂದಳು. ಕೋಗಿಲಬನದ ಆಸಿಫ ಎದ್ದು ನಿಂತ, ಮೇಡಂ, ಆಕಿ ತೆಗ್ಯಾಕ ಹೋಗ್ಯಾಳ್ರಿ, ಬಾಗಲಾ ಮೊದ್ಲ ಹಾಕೇ ಇತ್ತಲ್ರಿ, ಹಾಕಿದ್ದ ಬಾಗಲಾ ಮತ್ತ ಹಾಕಾಕ ಯಾರರ ಏಳ್ತಾರೇನ್ರಿ — ಹಿಂದಿನ ಬೆಂಚಿನಿಂದ ಬಾಳೇಶ ಕೂತಲ್ಲಿಂದಲೇ, ಅಂಜಿದವ್ರು ಹತ್ತ ಸಲ ನೋಡ್ತಾರೋ, ಹಾಕೇತೋ ಇಲ್ಲೋ ಅಂತ, ನಮ್ಮವ್ವ ದಿನಾ ನೋಡ್ತಾಳ, ತರಗತಿ ನಕ್ಕಿತು, ಜ್ಯೂಲಿಯೂ ನಕ್ಕಳು, ನಕ್ಕ ಮುಖ ಹಾಗೇ ನಿಂತುಕೊಂಡಿತು, ಎರಡೂ ಸರಿ, ಎರಡೂ ಇರಬಹುದು, ಎರಡೂ ಇರಬಹುದು ಎನ್ನುವುದೇ ಈ ಕಥೆಯ ಸೊಗಸು ಎಂದು ಹೇಳಲು ಬಾಯಿ ತೆರೆದಳು, ವರ್ಷವರ್ಷವೂ ಹೇಳುವ ಮಾತು, ಸೊಗಸು, ಆ ಶಬ್ದ ನಾಲಿಗೆಯ ಮೇಲೆ ಬಂದು ಕಲ್ಲಾಯಿತು, ಅಷ್ಟರಲ್ಲಿ ದಾನೇಶ್ವರಿ ಎದ್ದಳು, ಮುಂಡಗೋಡ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿರುವವಳು, ಹಣೆಯ ಮೇಲೆ ವಿಭೂತಿ, ಕೇಳದೆ ಮಾತಾಡುವವಳಲ್ಲ, ಮೇಡಂ, ನಾವೆಲ್ಲಾ ಒಳಗಿದ್ದಾಕಿನ್ನ ಕೇಳಾಕತ್ತೇವಿ, ಯಾಕ ತೆಗೀಲಿಲ್ಲ ಯಾಕ ತೆಗೀಲಿಲ್ಲ ಅಂತ. ಆಕಿ ತೆಗದಿರಬೇಕ್ರಿ. ಕೈ ಚಿಲಕದ ಮ್ಯಾಲೆ ಇತ್ತಂತ ಬರದಾರ, ಚಿಲಕಾ ಹಾಕಿತ್ತಂತ ಎಲ್ಲೆ ಬರದಾರ? ತೆಗದು, ಕೈ ಅಲ್ಲೇ ಇಟ್ಟು, ಹೊರಗಿದ್ದಾಂವ ಬರ್ತಾನ ಅಂತ ನಿಂತಿದ್ರ? ಅಂವಾ ಒಂದ ಸಲ ಬಾಗಲಾ ದೂಡಿ ನೋಡಬೇಕಿತ್ತಲ್ರಿ.

ದೂಡಿ ನೋಡಬೇಕಿತ್ತಲ್ರಿ — ಗಂಟೆ ಹೊಡೆಯಿತು, ಬೆಂಚುಗಳು ಕಿರುಗುಟ್ಟಿದವು, ಮೇಡಂ ಉತ್ತರಾ ಯಾವುದ ಬರಕೋಬೇಕ್ರಿ, ನಾಳೆ ಹೇಳ್ತೇನಿ, ನಾಳೆ, ಎಂದಳೋ ಏನೋ, ಕಾರಿಡಾರಿನ ಗೋಡೆಯನ್ನು ಕೈಯಿಂದ ಸವರುತ್ತಾ ನಡೆದಳು, ಸ್ಟಾಫ್ ರೂಮಿನ ಮುಂದೆ ನಿಲ್ಲಲಿಲ್ಲ, ಗೇಟು, ರಸ್ತೆ, ಹಳಿಯಾಳದ ಬಸ್ಸು ನಿಂತೇ ಇತ್ತು, ಹತ್ತಿ ಕಿಟಕಿಯ ಪಕ್ಕ ಕೂತಳು, ಆಷಾಢದ ಆ ದಿನ ದೂಡಲಿಲ್ಲ ಅವಳು, ಅವ್ವನ ಬಾಗಿಲನ್ನು ದೂಡಬೇಕೆಂದು ಹೊಳೆಯಲೇ ಇಲ್ಲ, ಅಷ್ಟು ಹೊತ್ತು ನಿಂತಳಲ್ಲ, ಬಡಿದಳಲ್ಲ, ಮಾಂಯ್, ನಾ ಜ್ಯೂಲಿ, ಎಂದು ಕೂಗಿದಳಲ್ಲ, ಅಂಗೈಯನ್ನು ಹಲಗೆಯ ಮೇಲಿಟ್ಟು ಒಂದಿಷ್ಟು ಭಾರ ಹಾಕಲಿಲ್ಲ, ಯಾಕೆ ಹಾಕಬೇಕು, ಬರಬೇಡ ಎಂದ ಮನೆ ಅದು, ಬರಬೇಡ ಎಂದವರ ಬಾಗಿಲನ್ನು ದೂಡಬಾರದು ಎಂದು ಕೈಗೇ ಗೊತ್ತಿತ್ತು. ಅಪ್ಪನಿಗೆ ಎದೆ ಹಿಡಿದುಕೊಂಡ ವರ್ಷ, ಹುಬ್ಬಳ್ಳಿಯ ಆ ಆಸ್ಪತ್ರೆಯ ಉದ್ದನೆಯ ಓಣಿಯಂಥ ಮೊಗಸಾಲೆ, ಫಿನಾಯಿಲಿನ ವಾಸನೆ, ಗೋಡೆಗೆ ಒರಗಿ ನೆಲದ ಮೇಲೆ ಕೂತ ಮಾಂಯ್, ಸೋನುಬಾಯಿ, ಮಡಿಲಲ್ಲಿ ಅಪ್ಪನ ಚಪ್ಪಲಿ ಇಟ್ಟುಕೊಂಡು, ಕಾಡಿನ ಅಂಚಿನ ಆ ಸಿದ್ದಿ ಕೇರಿಯಿಂದ ಹಳಿಯಾಳದ ಸಂತೆಗಿಂತ ಆಚೆ ಎಂದೂ ಹೋಗದವಳು, ಬಿಳಿ ಕೋಟಿನ ಡಾಕ್ಟರು ಬಂದರು, ಪರವೂರಿನವರು, ಬರೀ ಇಂಗ್ಲಿಷು, ಆಪರೇಷನ್ ಮಾಡಿದರೆ ಉಳಿಯಬಹುದು, ಉಳಿಯದೆಯೂ ಇರಬಹುದು, ಮಾಡದಿದ್ದರೆ ಕೆಲವು ತಿಂಗಳು ಹೀಗೇ ಇದ್ದಾರು, ಏನೂ ಖಚಿತವಾಗಿ ಹೇಳಲಾರೆ, ನೀವೇ ನಿಮ್ಮ ತಾಯಿಗೆ ತಿಳಿಸಿ ಕೇಳಿ, ಎಂದರು, ಮಾಂಯ್ ತಲೆ ಎತ್ತಿ ಡಾಕ್ಟರ ಮುಖ ನೋಡಲಿಲ್ಲ, ಮಗಳ ಮುಖ ನೋಡಿದಳು, ಏನಂತಾನ ಅಂವಾ, ಜ್ಯೂಲಿಗೆ ಇಂಗ್ಲಿಷಿನಲ್ಲಿ ಎಲ್ಲ ಅರ್ಥವಾಗಿತ್ತು, ಬಹುದು, ಬಹುದು, ಆ ಎರಡು ಬಹುದುಗಳನ್ನು ಕೊಂಕಣಿಯಲ್ಲಿ ಹೇಗೆ ಹೇಳುವುದೆಂದು ಹುಡುಕಿದಳು, ಮನೆಯ ಮಾತು ಅದು, ಹಾಲುಗಲ್ಲದಲ್ಲಿ ಕಲಿತ ಮಾತು, ಸಿಗಲಿಲ್ಲ, ಆ ಕಣ್ಣುಗಳ ಮುಂದೆ ಸಿಗಲಿಲ್ಲ, ಪಾಯ್ ಬರೊ ಜಾತಲೊ, ಎಂದುಬಿಟ್ಟಳು, ಅಪ್ಪ ಚಲೋ ಆಗ್ತಾನ, ಮಾಂಯ್ ಹೂಂ ಎಂದಳು, ಚಪ್ಪಲಿಯ ಮಣ್ಣನ್ನು ಸೆರಗಿನಿಂದ ಒರೆಸಿದಳು.

ಆಪರೇಷನ್ ಆಯಿತು, ಅಪ್ಪ ಉಳಿಯಲಿಲ್ಲ, ಜುಜೆಯನ್ನು ಬಿಳಿ ಬಟ್ಟೆಯಲ್ಲಿ ತಂದರು, ಇಗರ್ಜಿಯ ಹಿಂದಿನ ಮಣ್ಣಿಗೆ ಇಟ್ಟರು, ಜನರೆಲ್ಲ ಹೋದ ಮೇಲೆ ಹಂಡೆಯ ಹತ್ತಿರ ಕೈ ತೊಳೆಯುತ್ತಾ ಮಾಂಯ್ ಕೇಳಿದಳು, ಡಾಕ್ಟರ್ ಏನಂದಿದ್ದ ಖರೇ ಹೇಳ, ಜ್ಯೂಲಿ ಹೇಳಿದಳು, ಮಾಂಯ್ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಅಂವಾ ಅಂದದ್ದ ಅಷ್ಟೂ ನೀ ಹೇಳಿದ್ರ ನಾ ನಿಮ್ಮಪ್ಪನ್ನ ಮನೀಗೆ ಕರಕೊಂಡ ಬರ್ತಿದ್ದೆ, ಕೆಲವು ತಿಂಗಳು ಇರ್ತಿದ್ದ, ಅಂಗಳದಾಗ ಕೂತಿರ್ತಿದ್ದ, ನಾ ನಿನ್ನ ಬಾಯಿ ನೋಡಿ ಹೂಂ ಅಂದೆ, ಇನ್ನ ಈ ಬಾಗಲಕ್ಕ ಬರಬ್ಯಾಡ — ಕೂಗಲಿಲ್ಲ, ಅಳಲಿಲ್ಲ, ಎಮ್ಮೆಗೆ ಹುಲ್ಲು ಹಾಕು ಎನ್ನುವ ದನಿಯಲ್ಲಿ ಅಂದಳು, ಆ ದನಿಯ ಮಾತನ್ನು ಮೀರುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸು ಕಾಡು ಬಿಟ್ಟು ಬಯಲಿಗೆ ಬಿತ್ತು, ಭತ್ತ ಕೊಯ್ದ ಗದ್ದೆಗಳು, ಬಣವೆಗಳು, ಕಬ್ಬಿನ ಲಾರಿಯ ಹಿಂದೆ ಓಡುವ ಮಕ್ಕಳು, ಟಿಕೆಟ್ ತಗೋರಿ, ಎಲ್ಲಿಗೆ, ಎಲ್ಲಿಗೆಂದು ಹೇಳಿದಳು, ಹೇಳಿದಾಗಲೇ ಅವಳಿಗೂ ಗೊತ್ತಾದದ್ದು ತಾನು ಅಲ್ಲಿಗೇ ಹೊರಟಿದ್ದೇನೆ ಎಂದು. ಕಳೆದ ಆಷಾಢದಲ್ಲಿ ಬಂದಾಗಲೂ ಇದೇ ಬಸ್ಸು, ಕಿಟಕಿಗೆ ಟಾರ್ಪಾಲಿನ ಪರದೆ, ತೊಟ್ಟಿಕ್ಕುವ ನೀರು, ಹಿಂದಿನ ದಿನ ತಂಗಿ ರೀನಾ ಫೋನ್ ಮಾಡಿದ್ದಳು, ಅಕ್ಕಾ, ಮಾಂಯ್‌ದು ಬಲಗೈ ಬಿದ್ದೈತಿ, ಮಾತ ತೊದಲತಾವು, ನೀ ಬಾ, ಬೈದ್ರ ಬೈಸ್ಕೊ, ಬಾ, ಎಂದಿದ್ದಳು, ಬಂದಳು, ರೀನಾ ನಾಟಿಗೆ ಹೋಗಿದ್ದ ಹೊತ್ತು, ಕೇರಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಹೆಂಚಿನ ಮೇಲೆ ಮಳೆ ಧೋ ಎಂದು ಹೊಡೆಯುತ್ತಿದೆ, ಬಾಗಿಲು ಹಾಕಿದೆ, ಬಡಿದಳು, ಕೂಗಿದಳು, ಸ್ವಲ್ಪ ಹೊತ್ತಿಗೆ ಒಳಗೆ ಕಾಲೆಳೆಯುವ ಸದ್ದು, ನಿಂತು ನಿಂತು, ಆಮೇಲೆ ಚಿಲಕ — ಕಿರ್ರ್, ನಿಂತಿತು, ಮತ್ತೆ ಕಿರ್ರ್, ಟಕ್. ಆಮೇಲೆ ಏನೂ ಇಲ್ಲ. ಬಾಗಿಲು ತೆರೆಯಲಿಲ್ಲ. ಜ್ಯೂಲಿ ತಲೆ ತಗ್ಗಿಸಿದಾಗ ಕಂಡವು, ಹೊಸ್ತಿಲಿಗೂ ಬಾಗಿಲಿಗೂ ನಡುವಿನ ಆ ಸಣ್ಣ ಸಂದಿಯಲ್ಲಿ ಮಾಂಯ್‌ನ ಕಾಲ್ಬೆರಳುಗಳು, ಬಾಗಿಲಿನ ಕಡೆಗೇ ಮುಖ ಮಾಡಿದ ಬೆರಳುಗಳು, ಒಡೆದ ಉಗುರು, ಸವೆದ ಕಾಲುಂಗುರ, ಬೆರಳು ಮಾತ್ರ, ಹಿಮ್ಮಡಿ ಕಾಣುತ್ತಿರಲಿಲ್ಲ, ಇಷ್ಟು ಹತ್ತಿರ, ಬಗ್ಗಿದ್ದರೆ ಮುಟ್ಟಬಹುದಿತ್ತು. ಮಾಂಯ್, ಎಂದಳು ಮತ್ತೊಮ್ಮೆ. ಆ ಬೆರಳುಗಳು ಅಲ್ಲೇ. ಚಿಲಕ ಇನ್ನೊಂದಿಷ್ಟು ಭದ್ರ ಮಾಡಿದಳು ನನ್ನ ದನಿ ಕೇಳಿ, ಇದೇ ಸದ್ದು ಉತ್ತರ, ಎಂದು ತಿಳಿದಳು ಜ್ಯೂಲಿ, ಅರ್ಥ ಬಿಡಿಸಿ ಹೇಳುವುದನ್ನೇ ಕಸುಬು ಮಾಡಿಕೊಂಡವಳು, ಆ ಸದ್ದಿಗೆ ಒಂದೇ ಅರ್ಥ ಎಂದು ತಿಳಿದಳು, ಕೊಡೆಯನ್ನು ಗೋಡೆಯಿಂದ ಎತ್ತಿಕೊಂಡಳು, ದಾರಿಯ ಮೇಲೆ, ಕೇರಿಯವರನ್ನು ಹಳಿಯಾಳಕ್ಕೆ ಒಯ್ಯುವ ದುರ್ಗಪ್ಪನ ಟೆಂಪೋ ಹಾರ್ನು ಹೊಡೆಯುತ್ತಿತ್ತು, ಬರ್ತೇನ್ರಿ ತಡೀರಿ, ಎಂದು ಓಡಿದಳು. ತಿಂಗಳು ತುಂಬುವುದರೊಳಗೆ ಮಾಂಯ್ ಇಲ್ಲ. ಮಣ್ಣಿಗೆ ಬಂದಾಗ ಪೆಟ್ಟಿಗೆ ಅಂಗಳದಲ್ಲಿತ್ತು, ಜ್ಯೂಲಿ ಅಂಗಳದಿಂದಲೇ ಅದರ ಹಿಂದೆ ಹೋದಳು, ಹೊಸ್ತಿಲು ದಾಟಲಿಲ್ಲ, ಈವರೆಗೂ ದಾಟಿಲ್ಲ.

ಅಕ್ಕಾ? ಹೇಳದ ಕೇಳದ ಬಂದಿ, ಏನಾತ, ಎಂದು ರೀನಾ ಅಂಗಳದಲ್ಲಿ ಹರವಿದ್ದ ಹುಣಸೆಹಣ್ಣು ಬಿಟ್ಟು ಎದ್ದಳು, ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಅದೇ ಮಾಂಯ್‌ನ ಹಣೆ, ಅದೇ ಗುಂಗುರು ಕೂದಲಿನ ಬಿಗಿ ಗಂಟು, ಜ್ಯೂಲಿ ಕೂರಲಿಲ್ಲ, ನೀರು ಕುಡಿಯಲಿಲ್ಲ, ರೀನಾ, ಒಳಗ ಹೋಗ, ಬಾಗಲಾ ಮುಚ್ಚಿ ಚಿಲಕಾ ಹಾಕ, ಆಮ್ಯಾಲ ತೆಗಿ, ನಾ ಹೊರಗ ನಿಂತಿರ್ತೇನಿ, ಹುಚ್ಚ ಹಿಡದೈತೇನ ನಿನಗ, ಹಿಡದೈತಿ ಹೋಗ, ಎಂದಳು. ರೀನಾ ಅಕ್ಕನ ಮುಖ ನೋಡಿ ಒಳಗೆ ಹೋದಳು, ಬಾಗಿಲು ಮುಚ್ಚಿತು, ಅಪ್ಪನೇ ಮಾಡಿದ ಬಾಗಿಲು, ಚಿಲಕವನ್ನು ತನ್ನ ಎತ್ತರಕ್ಕೆ ಹೊಡೆದಿದ್ದ, ಉದ್ದನೆಯ ಆಳು, ಮಾಂಯ್ ಗಿಡ್ಡಿ, ದಿನಾ ತುದಿಗಾಲಲ್ಲಿ ನಿಂತು ಹಾಕಬೇಕು ತುದಿಗಾಲಲ್ಲಿ ನಿಂತು ತೆಗೆಯಬೇಕು, ಬೈಯುತ್ತಲೇ ಹಾಕುತ್ತಿದ್ದಳು, ಅಪ್ಪ ನಗುತ್ತಿದ್ದ, ನೀ ಓಡಿ ಹೋಗಬಾರ್ದಂತ ಮ್ಯಾಲ ಹಾಕೇನಿ, ಮಕ್ಕಳಿಬ್ಬರೂ ನಗುತ್ತಿದ್ದರು — ಕಿರ್ರ್, ಟಕ್. ಜ್ಯೂಲಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು, ಕಿರ್ರ್, ಟಕ್. ಇದ ಯಾವುದ, ಹಾಕಿದ್ದೋ ತೆಗದದ್ದೋ? ತೆಗದದ್ದ ಅಕ್ಕಾ, ಒಳಗಿನಿಂದ ರೀನಾ. ಇನ್ನೊಂದ ಸಲ ಮಾಡ, ಹೇಳಬ್ಯಾಡ. ಕಿರ್ರ್, ಟಕ್. ಹಾಕಿದ್ದು, ಎಂದಳು ಜ್ಯೂಲಿ. ಅಲ್ಲ, ತೆಗದೇನಿ, ಸದ್ದಾಗದಂಗ ಮೆಲ್ಲಕ ಹಾಕಿ ಇಟ್ಕೊಂಡಿದ್ನೆಲ್ಲ ಮೊದ್ಲ. ಮತ್ತೊಂದ ಸಲ. ಹೋಗುವಾಗ ಕಬ್ಬಿಣ ಗೂಟಕ್ಕೆ ಬಡಿದು ಟಕ್, ಬರುವಾಗ ಈಚೆಯ ಗೂಟಕ್ಕೆ ಬಡಿದು ಟಕ್, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ಬೇರೆಯಿಲ್ಲ, ಹೀಗೂ ಅದೇ, ಹಾಗೂ ಅದೇ, ಇಷ್ಟು ವರ್ಷ ಈ ಮನೆಯಲ್ಲಿ ಬೆಳೆದೂ ಅದು ಗೊತ್ತಿರಲಿಲ್ಲ, ಒಳಗೇ ಇದ್ದವರಿಗೆ ಯಾಕೆ ಗೊತ್ತಾಗಬೇಕು.

ಬಾಗಿಲು ತೆರೆದು ರೀನಾ ಹೊಸ್ತಿಲ ಮೇಲೆ ಕೂತಳು, ಜ್ಯೂಲಿ ಹೇಳಿದಳು, ಆಷಾಢದ ಆ ದಿನವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು, ರೀನಾ ಹುಣಸೆಯ ಒಂದು ನಾರನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿದಳು, ನೀ ಬಂದಿದ್ದಿ? ಅವತ್ತ ಬಂದಿದ್ದಿ? ನನಗ ಹೇಳಲಿಲ್ಲಲ್ಲ, ಬರಲಿಲ್ಲಂತ ನಾ ನಿನಗ ಸಿಟ್ಟಾಗಿದ್ದೆ ಅಕ್ಕಾ, ಇಷ್ಟ ದಿನ ಒಳಗಒಳಗ ಬೈಯಾಕತ್ತಿದ್ದೆ ನಿನ್ನ. ನೀ ಗದ್ದಿಯಿಂದ ಬಂದಾಗ ಬಾಗಲಾ ಹಾಕಿತ್ತೇನ, ಎಂದಳು ಜ್ಯೂಲಿ. ನಾ ಹಿತ್ತಲಿಂದ ಬಂದೆ, ಕಾಲ ಕೆಸರ ಇದ್ವು, ಮುಂದಿನ ಬಾಗಲಾ ಮುಚ್ಚಿತ್ತು, ಚಿಲಕಾ ನೋಡಲಿಲ್ಲ, ಮಳಿಗಾಲದಾಗ ಅದು ಉಬ್ಬತೈತಿ, ಚಿಲಕಾ ತಗದ್ರೂ ಚೌಕಟ್ಟ ಕಚ್ಚಿ ಹಿಡ್ಕೊಂಡಿರತೈತಿ, ಒಳಗಿಂದ ಎರಡೂ ಕೈಲೆ ಜಗ್ಗಬೇಕ ಇಲ್ಲಾ ಹೊರಗಿಂದ ದೂಡಬೇಕ — ಅಲ್ಲಿಗೆ ಬಂದು ರೀನಾಳ ಮಾತು ನಿಂತಿತು, ನಿಂತದ್ದು ಯಾಕೆಂದು ಇಬ್ಬರಿಗೂ ಗೊತ್ತಾಯಿತು, ಎರಡೂ ಕೈ, ಮಾಂಯ್‌ಗೆ ಒಂದೇ ಕೈ. ಮರದಿನ ಮುಂಜಾನೆ ಚಿಲಕಾ ತೆರದಿತ್ತ ಅಕ್ಕಾ, ಎಂದಳು ರೀನಾ ಬಹಳ ಮೆಲ್ಲಗೆ, ನಾನ ರಾತ್ರಿ ಹಾಕೂದ ಮರತೇನೇನೋ ಅನ್ಕೊಂಡೆ, ಮರತಿರಬಹುದ, ನಾಟಿಯಿಂದ ಬಂದು ಸತ್ತಂಗ ಮಲಗಿದ್ದೆ, ಖರೇ ಹೇಳ್ಬೇಕಂದ್ರ ನೆನಪಿಲ್ಲ ನನಗ. ಮಾಂಯ್ ಏನರ ಅಂದ್ಲಾ, ಅವತ್ತ? ಏನೂ ಇಲ್ಲ. ಸಂಜೀಕ ಒಂದ ಮಾತ. ಆಯ್ಲಿ, ಅಂದ್ಲು. ಬಂದ್ಲು ಅಂತ ಹೇಳಿದ್ಲೋ, ಬಂದ್ಲೇನ ಅಂತ ಕೇಳಿದ್ಲೋ, ನಾಲಿಗಿ ತಿರಗ್ತಿದ್ದಿಲ್ಲ, ಎಮ್ಮಿ ಇನ್ನ ಅಡವಿಯಿಂದ ಬಂದಿದ್ದಿಲ್ಲ ಅವತ್ತ, ಅದನ್ನ ಕೇಳ್ತಾಳ ಅಂತ ತಿಳದು, ಹೂಂ ಬರತೈತಿ ಮಲಕೊ ಅಂದೆ. ಕೊಂಕಣಿಯಲ್ಲಿ ಎಮ್ಮೆ ಬಂದರೂ ಆಯ್ಲಿ, ಮಗಳು ಬಂದರೂ ಆಯ್ಲಿ, ಹೇಳಿದರೂ ಆಯ್ಲಿ, ಕೇಳಿದರೂ ಆಯ್ಲಿ, ದನಿಯೊಂದೇ ಬೇರೆ, ಆ ದನಿಯನ್ನು ಮಾಂಯ್‌ನ ಸೊಟ್ಟ ಬಾಯಿ ಎತ್ತಲೂ ಆಗಲಿಲ್ಲ ಇಳಿಸಲೂ ಆಗಲಿಲ್ಲ. ಹೂಂ ಅಂದ್ಲಾ ಆಮ್ಯಾಲ? ಇಲ್ಲ. ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು. ರೀನಾ ಅಳಲು ಶುರು ಮಾಡಿದಳು, ದನಿಯಿಲ್ಲದೆ, ಅಕ್ಕನ ಮೊಣಕಾಲಿಗೆ ಹಣೆ ಕೊಟ್ಟು, ನಾ ಬರತೈತಿ ಅಂದೆ ಅಕ್ಕಾ, ಬರತೈತಿ ಅಂದೆ, ಜ್ಯೂಲಿ ಅವಳ ತಲೆಯ ಮೇಲೆ ಕೈ ಇಟ್ಟಳು, ಕೂದಲಿನ ಬಿಗಿ ಗುಂಗುರು ಅಂಗೈಗೆ ಚುಚ್ಚಿತು, ನಿಂದೇನ ತಪ್ಪಿಲ್ಲ, ಎನ್ನಲು ಹೊರಟು, ಮತ್ತೊಬ್ಬರ ಮಾತಿಗೆ ಅರ್ಥ ಹೇಳಿ ಸಮಾಧಾನ ಮಾಡುವ ಆ ಹಳೆಯ ಚಾಳಿ, ಅಲ್ಲಿಗೇ ಬಿಟ್ಟಳು, ಹುಣಸೆಹಣ್ಣಿಗೆ ನೊಣ ಮುತ್ತಿತು.

ಇನ್ನೊಂದ ಸಲ ಒಳಗ ಹೋಗ ರೀನಾ, ಎಂದಳು, ಕಡೀ ಸಲ, ಚಿಲಕಾ ಮುಟ್ಟಬ್ಯಾಡ, ಸುಮ್ನ ನಿಲ್ಲ, ರೀನಾ ಮೂಗು ಒರೆಸಿಕೊಂಡು ಹೋದಳು, ಬಾಗಿಲು ಮುಚ್ಚಿದಳು, ಜನವರಿಯ ಒಣ ಬಾಗಿಲು ಸಲೀಸಾಗಿ ಮುಚ್ಚಿತು, ಜ್ಯೂಲಿ ಅಂಗೈಯನ್ನು ಹಲಗೆಯ ಮೇಲಿಟ್ಟಳು, ಬಿಸಿಲಿಗೆ ಬೆಚ್ಚಗಿತ್ತು, ಒತ್ತಲಿಲ್ಲ, ಇಟ್ಟಳು ಅಷ್ಟೇ, ನಾಳೆ ಹುಡುಗರಿಗೆ ಏನು ಹೇಳಲಿ, ದಾನೇಶ್ವರಿಗೆ ಏನು ಹೇಳಲಿ, ತೆಗೆದಿರಬಹುದು, ತೆಗೆದಿರಲಿಕ್ಕಿಲ್ಲ, ಬಹುದು, ಬಹುದು, ಈಗ ಸಿಗುತ್ತದೆಯೇ ಕೊಂಕಣಿಯಲ್ಲಿ ಆ ಮಾತು, ಕೇಳುವವಳೇ ಇಲ್ಲ, ತಲೆ ತಗ್ಗಿಸಿದಳು, ಸಂದಿಯಲ್ಲಿ ರೀನಾಳ ಕಾಲ್ಬೆರಳು, ಧೂಳು ಮೆತ್ತಿದ ಎಳೆಯ ಬೆರಳು, ಹಿಂದೆ ಹಿಮ್ಮಡಿ, ಎರಡೂ ನೆಲದ ಮೇಲೆ, ಅವತ್ತು ಹಿಮ್ಮಡಿ ಕಾಣಲಿಲ್ಲ, ಎತ್ತಿದ್ದವೋ, ಕತ್ತಲಿತ್ತೋ, ಟಕ್ ಎಂದ ಮೇಲೂ ಎತ್ತಿಯೇ ನಿಂತಿದ್ದಳೋ, ಎಡಗೈಯನ್ನು ಚಿಲಕದ ಮೇಲಿಟ್ಟುಕೊಂಡು ತುದಿಗಾಲಲ್ಲಿ, ಅಷ್ಟು ಹೊತ್ತು — ಅವತ್ತು ಕೊಡೆ ಗೋಡೆಗೆ ಒರಗಿತ್ತು, ಕೊಡೆಯ ತುದಿಯಿಂದ ನೀರು ಇಳಿದು ಹೊಸ್ತಿಲ ಗುಂಟ ಹರಿದು ಬಾಗಿಲಿನ ಅಡಿಗೆ ನುಗ್ಗುತ್ತಿತ್ತು, ಸಣ್ಣ ಹಾವಿನಂತೆ, ಜ್ಯೂಲಿ ನೋಡಿದ್ದಳು, ನೋಡುತ್ತಲೇ ಇದ್ದಳು, ಆ ತಣ್ಣನೆಯ ನೀರು ಹೋಗಿ ಹೆಬ್ಬೆರಳನ್ನು ಮುಟ್ಟಿತು, ಪಕ್ಕದ ಬೆರಳನ್ನು ಮುಟ್ಟಿತು, ಸವೆದ ಕಾಲುಂಗುರದ ಸುತ್ತ ನಿಂತಿತು, ಬೆರಳುಗಳು ಹಿಂದೆ ಸರಿಯಲಿಲ್ಲ, ನೀರು ಮುಟ್ಟಿದರೂ ಸರಿಯಲಿಲ್ಲ, ಸರಿಯಲಿಲ್ಲ, ಬೆರಳುಗಳು, ನೀರಿನಲ್ಲಿ, ಬಾಗಿಲಿನ ಕಡೆಗೆ ಮುಖ ಮಾಡಿ